ಕುಡಿಯದೆ ಏರಿದ ತೂಕ

ಮಗು ಮನೆಗೆ ಬಂದ ಮರುದಿನವೇ ತಕ್ಕಡಿಯೂ ಬಂತು. ತಂದವನು ಮಗುವಿನ ಅಪ್ಪ. ತಕ್ಕಡಿ ರಿಪೇರಿ ಅವನ ಕಸುಬು. ದಿನಸಿ ಅಂಗಡಿ, ಚಿನ್ನದ ಅಂಗಡಿ, ಧಾನ್ಯದ ಗೋದಾಮು, ಹೀಗೆ ತೂಗುವ ಜಾಗದಲ್ಲೆಲ್ಲ ಅವನಿಗೆ ಗಿರಾಕಿಗಳಿದ್ದರು. ಮನುಷ್ಯ ಸುಳ್ಳು ಹೇಳಬಹುದು, ಸರಿಯಾಗಿ ಕೂರಿಸಿದ ತಕ್ಕಡಿ ಹೇಳುವುದಿಲ್ಲ ಎಂಬುದು ಅವನು ಹೋದಲ್ಲೆಲ್ಲ ಹೇಳುವ ಮಾತು. ಹದಿನೆಂಟು ವರ್ಷಗಳಲ್ಲಿ ಆ ಮಾತು ಒಮ್ಮೆಯೂ ಅವನಿಗೆ ಕೈಕೊಟ್ಟಿರಲಿಲ್ಲ.

ಮಗಳು ಹುಟ್ಟಿದಾಗ ಎರಡು ಕಿಲೋ ಮುನ್ನೂರು ಗ್ರಾಂ ಇದ್ದಳು. ಆಸ್ಪತ್ರೆಯಲ್ಲಿ ಮೂರನೆಯ ದಿನ ಕಾಮಾಲೆಯಾಗಿ, ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಅದರಲ್ಲಿ ಇನ್ನೂ ನೂರೈವತ್ತು ಗ್ರಾಂ ಇಳಿಯಿತು. ಹೆಂಡತಿಯ ತಾಯಿ ಮೊಮ್ಮಗಳನ್ನು ಅಂಗೈ ಮೇಲೆ ಹಿಡಿದು ನೋಡಿ ಹಳೆಯ ಕಾಲದ ಪುಟ್ಟ ತೂಕವೊಂದರ ಹೆಸರು ಹಿಡಿದು ‘ಚಟಾಕು’ ಎಂದು ಕರೆದಳು. ಒಳ್ಳೆಯ ಹೆಸರೊಂದು ಕಾಗದದಲ್ಲಿ ಉಳಿಯಿತು, ಬಾಯಲ್ಲಿ ಉಳಿದದ್ದು ಚಟಾಕು.

ಆ ನೂರೈವತ್ತು ಗ್ರಾಂ ಅಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಬಟ್ಟೆ ಬಿಚ್ಚಿ, ಹಾಲು ಕೊಡುವ ಮೊದಲು ತೂಗುವುದು. ಬೀರುವಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುವುದು. ಮೊದಲ ವಾರ ಹೆಂಡತಿಗೆ ತಮಾಷೆಯೆನಿಸಿತು. ಹಾಲು ಎಷ್ಟು ಒಳಗೆ ಹೋಯಿತೆಂದು ತಿಳಿಯಲು ಕುಡಿಸಿದ ಮೇಲೂ ತೂಗತೊಡಗಿದಾಗ ತಮಾಷೆ ಹೋಯಿತು. ಅವಳು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಭಾಗದವಳು. ಕೆಲಸಕ್ಕೆ ರಜೆ ಹಾಕಿದರೂ ಪಾರ್ಸೆಲ್ ತೂಗುವುದು ತಪ್ಪಲಿಲ್ಲವಲ್ಲ ಎಂದು ತಾಯಿಯ ಬಳಿ ಗೊಣಗಿದಳು. ತೂಗಿ ತೂಗಿ ಮಗು ದಪ್ಪ ಆಗುವುದಾದರೆ ದಿನಸಿ ಅಂಗಡಿಯ ಅಕ್ಕಿ ಮೂಟೆಗಳೆಲ್ಲ ಇಷ್ಟು ಹೊತ್ತಿಗೆ ಸೂರು ಮುಟ್ಟಬೇಕಿತ್ತು ಎಂದು ಅತ್ತೆ ಅಳಿಯನಿಗೆ ಕೇಳುವಂತೆಯೇ ಹೇಳಿದಳು. ಅಳಿಯ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲೆರಡು ತಿಂಗಳು ಎಲ್ಲರ ಮನೆಯಲ್ಲಿ ಆಗುವ ಗಾಬರಿಗಳೇ ಇಲ್ಲಿಯೂ ಆದವು. ಬಿಕ್ಕಳಿಕೆ ಅರ್ಧ ಗಂಟೆ ನಿಲ್ಲಲಿಲ್ಲ. ಒಂದು ದಿನ ಹಸಿರು ಕಕ್ಕ ಮಾಡಿದಳೆಂದು ಅಪ್ಪ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಕ್ಲಿನಿಕ್ಕಿಗೆ ಓಡಿದ. ಲಸಿಕೆ ಹಾಕಿಸಿದ ಸಂಜೆ ಮೈ ಕಾದು, ಮನೆಮಂದಿಯೆಲ್ಲ ಒದ್ದೆ ಬಟ್ಟೆ ಹಿಡಿದು ಸಾಲಾಗಿ ನಿಂತರು. ಏಳನೆಯ ವಾರ ಚಟಾಕು ಮೊದಲ ಸಲ ಮುಖ ನೋಡಿ ನಕ್ಕಳು. ನಕ್ಕದ್ದು ತಕ್ಕಡಿಯ ಮೇಲೆ ಮಲಗಿದ್ದಾಗಲೇ, ಎದುರಿಗೆ ಅಪ್ಪನೇ ಇದ್ದ. ಅವನು ಅಂಕಿ ಓದುತ್ತಿದ್ದುದರಿಂದ ನೋಡಲಿಲ್ಲ. ನೋಡಿದ ಹೆಂಡತಿಗೆ ಅವನ ಮೇಲೆ ಬಂದ ಸಿಟ್ಟು ಎರಡು ದಿನ ಇಳಿಯಲಿಲ್ಲ.

ಮೂರನೆಯ ತಿಂಗಳಲ್ಲಿ ತೂಕ ನಿಂತುಹೋಯಿತು. ಮೂರು ಕಿಲೋ ಏಳುನೂರರ ಆಸುಪಾಸಿನಲ್ಲಿ ಹತ್ತು ಗ್ರಾಂ ಹಿಂದೆ, ಹತ್ತು ಗ್ರಾಂ ಮುಂದೆ, ಹೀಗೆ ಎರಡು ವಾರ. ಮಗು ಕುಡಿಯುತ್ತ ಕುಡಿಯುತ್ತ ಬಿಟ್ಟುಬಿಡುತ್ತಾಳೆ, ಹಣೆಯಲ್ಲಿ ಬೆವರು ಹನಿಯುತ್ತದೆ, ಬೆಟ್ಟ ಹತ್ತಿದವಳ ಹಾಗೆ ಏದುಸಿರು ಬಿಡುತ್ತಾಳೆ ಎಂದು ಹೆಂಡತಿ ಹೇಳಿದಳು. ಅವನು ಅಳೆದು ಸುರಿದು ಕೊನೆಗೆ ಹಾಲೇ ಸಾಲದಿರಬೇಕು ಎಂದ. ಅದು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಎದ್ದು ಹೋಗಿ ಬಾಟಲಿಯಲ್ಲಿ ಹಾಲು ಕಲಸಿದಳು. ಚಟಾಕು ಅದನ್ನೂ ನಾಲ್ಕು ಗುಟುಕಿಗೆ ಬಿಟ್ಟು, ಬೆವರಿ ಮಲಗಿದಳು.

ಆಮೇಲೆ ಇದ್ದಕ್ಕಿದ್ದಂತೆ ತೂಕ ಏರತೊಡಗಿತು. ಒಂದು ದಿನ ನಲವತ್ತು ಗ್ರಾಂ, ಮರುದಿನ ಅರವತ್ತು, ಅದರ ಮರುದಿನ ಎಂಬತ್ತು. ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಚಿನ್ನದ ಅಂಗಡಿಯವನಿಗೆ, ಗೋದಾಮಿನ ಮೇಸ್ತ್ರಿಗೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ ಸಹ ಗ್ರಾಂ ಲೆಕ್ಕದಲ್ಲಿ ಹೇಳಿದ. ಕೆನ್ನೆ ತುಂಬಿದೆ, ಕಾಲು ದುಂಡಗಾಗಿದೆ ಎಂದು ಹಿಗ್ಗಿದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನಿಗೆ ಹೆಗ್ಗಣದ ತೂಕವೂ ಮುದ್ದು.

ಗುರುವಾರ ಬೆಳಿಗ್ಗೆ ನಾಲ್ಕು ಕಿಲೋ ದಾಟಿತು. ಹೆಂಡತಿ ಮಗುವನ್ನು ತಕ್ಕಡಿಯಿಂದ ಎತ್ತಿಕೊಂಡು ಅಲ್ಲೇ ನಿಂತಳು.

“ನಿನ್ನೆಯಿಂದ ಇವಳು ಸರಿಯಾಗಿ ಕುಡಿದೇ ಇಲ್ಲ. ಕುಡೀದೆ ತೂಕ ಎಲ್ಲಿಂದ ಬರುತ್ತೆ ರೀ?”

ಇಂಥ ಪ್ರಶ್ನೆಗೆ ಬೇರೆ ಅಪ್ಪನಾದರೆ ಮಗುವನ್ನು ನೋಡುತ್ತಿದ್ದ. ಇವನು ತಕ್ಕಡಿಯನ್ನು ನೋಡಿದ. ಮಖಮಲ್ಲಿನ ಪೆಟ್ಟಿಗೆಯಿಂದ ತಕ್ಕಡಿ ಪರೀಕ್ಷಿಸುವ ಹಿತ್ತಾಳೆಯ ತೂಕದ ಬಟ್ಟುಗಳನ್ನು ತಂದ. ಕೈ ಜಿಡ್ಡು ತಾಗಿದರೂ ತೂಕ ಕೆಡುತ್ತದೆಂದು ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ಇಟ್ಟ. ಒಂದು ಕಿಲೋ ಇಟ್ಟರೆ ಒಂದು ಕಿಲೋ, ನಾಲ್ಕಿಟ್ಟರೆ ನಾಲ್ಕು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹಾಗಾದರೆ ತಪ್ಪಿರುವುದು ಹೆಂಡತಿಯ ಅಂದಾಜು ಎಂದು ತೀರ್ಮಾನಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಕಾಲೆಣಿಸಲು ಯಂತ್ರವೂ ಸಿಕ್ಕಿಬಿಟ್ಟರೆ ಹೀಗೆಯೇ.

ಅವಳು ಶುಕ್ರವಾರಕ್ಕೆ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಕೊಂಡಿದ್ದಳು. ಹೇಗೂ ಮಂಗಳವಾರ ಲಸಿಕೆಗೆ ಹೋಗಬೇಕು, ತೂಕ ಏರುವ ಮಗುವನ್ನು ಕೆಮ್ಮುವವರ ಮಧ್ಯೆ ಯಾಕೆ ಕೂರಿಸಬೇಕು ಎಂದು ಅವನೇ ಫೋನ್ ಮಾಡಿ ಮುಂದಕ್ಕೆ ಹಾಕಿಸಿದ. ಹಾಳೆಯನ್ನು ಬೆರಳಿಟ್ಟು ತೋರಿಸಿದ. ಅಂಕಿಗಳ ಎದುರು ಅವಳಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು. ಒಪ್ಪಿಕೊಂಡಳು.

ಭಾನುವಾರ ಲಾರಿಗಳು ಬರುವುದಿಲ್ಲವಾದ್ದರಿಂದ ಗೋದಾಮಿನಲ್ಲಿ ಲಾರಿ ತೂಗುವ ದೊಡ್ಡ ಕಟ್ಟೆಯನ್ನು ಬಿಚ್ಚಿ ಸರಿಪಡಿಸುವ ಕೆಲಸವಿತ್ತು. ಮಧ್ಯಾಹ್ನ ಅವನು ಕಟ್ಟೆಯಡಿಯ ಗುಂಡಿಯೊಳಗೆ ಇಳಿದಿದ್ದಾಗ ಅತ್ತೆಯ ಫೋನ್ ಬಂತು. ಮಗುವಿಗೆ ಎರಡು ಗುಟುಕೂ ಇಳಿಯುತ್ತಿಲ್ಲ, ತುಟಿ ಬಣ್ಣಗೆಟ್ಟಿದೆ, ಉಸಿರೆಳೆದರೆ ಪಕ್ಕೆ ಒಳಗೆ ಹೋಗುತ್ತಿದೆ, ನಾವು ಆಸ್ಪತ್ರೆಯಲ್ಲಿದ್ದೇವೆ ಎಂದಳು. ಮೇಸ್ತ್ರಿಯೇ ಅವನ ರಟ್ಟೆ ಹಿಡಿದು ಮೇಲೆಳೆದು ಆಟೋ ಹತ್ತಿಸಿದ.

ಅವನು ತಲುಪುವ ಹೊತ್ತಿಗೆ ಚಟಾಕುವಿನ ಮೂಗಿಗೆ ನಳಿಕೆ ಹಾಕಿಯಾಗಿತ್ತು. ಹೃದಯದೊಳಗಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತಿತ್ತು. ಸುಸ್ತಾದ ಹೃದಯ ರಕ್ತ ತಳ್ಳಲಾರದೆ ಮೈಯಲ್ಲಿ ನೀರು ತುಂಬಿಕೊಂಡಿತ್ತು. ಅಪ್ಪ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ ತೂಕದ ಹಾಳೆಯ ನಕಲನ್ನು ತೆಗೆದು ಡಾಕ್ಟರಮ್ಮನಿಗೆ ಕೊಟ್ಟ. ಯಾಕೆ ಕೊಟ್ಟನೋ ಅವನಿಗೇ ಗೊತ್ತಿಲ್ಲ. ಆಕೆ ಕೊನೆಯ ವಾರದ ಸಾಲುಗಳನ್ನು ಎರಡು ಸಲ ಓದಿದರು.

“ನಿಮ್ಮ ತಕ್ಕಡಿ ಸರಿಯಾಗೇ ಇದೆ. ಈ ವಾರ ಅದು ತೂಗಿದ್ದು ಮಾತ್ರ ಬರೀ ನೀರನ್ನ. ಮಗು ಬೆವರೋದು, ಕುಡೀತಾ ಸುಸ್ತಾಗೋದು ಯಾರೂ ನೋಡಲಿಲ್ವಾ?”

ನೋಡಿದವಳು ಅವನ ಪಕ್ಕದಲ್ಲೇ ನಿಂತಿದ್ದಳು. ಅವಳು ಏನಾದರೂ ಹೇಳಿಬಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಇವಳು ನೋಡಿದ್ಲು,” ಎಂದ ಅವನು. “ಹೇಳಿದ್ಲು ಕೂಡ. ನಾನು ಕೇಳಲಿಲ್ಲ.”

ನೀರಿಳಿಯುವ ಔಷಧಿ ಶುರುವಾಯಿತು. ದಿನಕ್ಕೆರಡು ಸಲ ನರ್ಸ್ ತೂಗುತ್ತಿದ್ದಳು. ಎಂಬತ್ತು ಗ್ರಾಂ ಇಳಿಯಿತು, ನೂರಹತ್ತು ಇಳಿಯಿತು. ಹತ್ತು ಗ್ರಾಂ ಇಳಿದರೆ ಜೀವ ಬಾಯಿಗೆ ಬರುತ್ತಿದ್ದವನು ಈಗ ವಾರ್ಡಿನ ಬಾಗಿಲಲ್ಲಿ ನಿಂತು, ಇನ್ನೂ ಇಳಿಯಲಿ ಎಂದು ಬೇಡಿಕೊಂಡ. ಐದನೆಯ ದಿನ ಊದಿದ್ದ ಮುಖ ಇಳಿದು ಅಸಲಿ ಚಟಾಕು ಹೊರಬಂದಳು. ಮೂಳೆ ಮೇಲೆ ಚರ್ಮ ಹೊದಿಸಿದಂತಿದ್ದಳು. ತುಂಬಿದ ಕೆನ್ನೆ ಎಂದು ತಾನು ಊರಿಡೀ ಸಾರಿದ್ದು ಆ ಊತವನ್ನೇ ಎಂದು ಅವನಿಗೆ ಅರಿವಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅತ್ತೆ ಪಕ್ಕದಲ್ಲಿ ಬಂದು ಕೂತಳು. ಅಂದು ಮಾತ್ರ ತಮಾಷೆ ಮಾಡಲಿಲ್ಲ.

ಆರನೆಯ ತಿಂಗಳಲ್ಲಿ ಎದೆ ತೆರೆದು ತೂತು ಮುಚ್ಚಿದರು. ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಗಂಡಹೆಂಡತಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಅವಳು ಅವನೊಡನೆ ಜಗಳವಾಡಲಿಲ್ಲ. ಔಷಧಿ, ಹಾಲು, ಬಟ್ಟೆ ಇಷ್ಟರ ಮಾತು ಬಿಟ್ಟು ಬೇರೇನೂ ಆಡುತ್ತಲೂ ಇರಲಿಲ್ಲ. ಡಾಕ್ಟರಮ್ಮ ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ. ಅವನು ಬಾಯಿ ತೆರೆದರೆ ಅವಳ ದನಿ ಒಂದು ಮೆಟ್ಟಿಲು ಏರುತ್ತಿತ್ತು. ಅವನೂ ಬಾಯಿ ಮುಚ್ಚಿಕೊಂಡಿರಲು ಕಲಿತ.

ಬಾಯಿ ಮುಚ್ಚಿದಾಗ ಕಣ್ಣು ತೆರೆಯಿತೆನ್ನಬೇಕು. ಅವಳ ರಜೆ ಮುಗಿದು ಅಂಚೆ ಕಚೇರಿಗೆ ಹೋಗತೊಡಗಿದ ಮೇಲೆ ಬೆಳಗಿನ ಹೊತ್ತು ಮಗು ಅವನ ಪಾಲಿಗೆ ಬಂತು. ತಕ್ಕಡಿ ಅವನ ರಿಪೇರಿ ಅಂಗಡಿಗೆ ವಾಪಸಾಯಿತು. ಚಟಾಕು ಎಂಟನೆಯ ತಿಂಗಳಲ್ಲಿ ಮಗುಚಿಕೊಂಡಳು, ಒಂಬತ್ತು ತುಂಬಿದ ಮೇಲೆ ದಿಂಬಿಲ್ಲದೆ ಕೂತಳು. ಎದುರುಮನೆಯ ಮಗು ಅಷ್ಟರಲ್ಲಿ ಅಂಬೆಗಾಲಿಟ್ಟು ಬಾಗಿಲು ದಾಟುತ್ತಿತ್ತು. ನಮ್ಮವಳು ಮೆಲ್ಲಗೆ ಬರುತ್ತಾಳೆ, ಬರಲಿ ಎಂದು ಅವನು ನೆಲದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಅವಳ ಮುಂದೆ ತೆವಳುತ್ತಿದ್ದ.

ವರ್ಷ ತುಂಬಿದ ವಾರ ತಪಾಸಣೆಗೆ ಹೋದರು. ಡಾಕ್ಟರಮ್ಮ ಎದೆಯ ಗಾಯದ ಗೆರೆ ನೋಡಿ, ಕೊಳವೆ ಇಟ್ಟು ಕೇಳಿ, ಎಂದಿನಂತೆ ತಾಯಿಯ ಕಡೆ ತಿರುಗಿ ಮಗು ಹೇಗಿದ್ದಾಳೆ ಎಂದರು. ಅವಳು ಮಗುವಿನ ಅಂಗಿಯ ಗುಂಡಿ ಹಾಕುತ್ತಲೇ ಇದ್ದಳು.

“ನೀವೇ ಹೇಳಿ,” ಎಂದಳು ಗಂಡನಿಗೆ.

ಅವನು ಹೇಳಿದ. ಬಾಟಲಿ ಪೂರ್ತಿ ಮುಗಿಸುತ್ತಾಳೆ, ನಡುವೆ ನಿಲ್ಲಿಸುವುದು ಸುಸ್ತಿಗಲ್ಲ, ಕಿಟಕಿಯಾಚೆ ನೋಡುವುದಕ್ಕೆ. ಎಡಮಗ್ಗುಲಾಗಿ ನಿದ್ದೆ ಮಾಡುತ್ತಾಳೆ, ಆಗ ಪಕ್ಕೆ ಒಳಗೆ ಎಳೆಯುವುದಿಲ್ಲ. ಅಳುವಾಗಲೂ ತುಟಿ ಕೆಂಪಗೇ ಇರುತ್ತದೆ. ಕಳೆದ ಶನಿವಾರ ಕುರ್ಚಿ ಹಿಡಿದು ಎದ್ದು ನಿಂತು, ಅದರ ಸುತ್ತ ಮೂರು ಹೆಜ್ಜೆ ಇಟ್ಟಳು.

“ನಾಲ್ಕು,” ಎಂದಳು ಹೆಂಡತಿ.

ಅವನು ಒಪ್ಪಿದವನಂತೆ ತಲೆಯಾಡಿಸಿ ಡಾಕ್ಟರಮ್ಮನಿಗೆ ಹೇಳಿದ, “ನಾಲ್ಕು ಅಂತ ಬರ್ಕೊಳ್ಳಿ.”