ವಾರಿಜಾಳ ಕಾಂಪೊಸಿಷನ್

ಐವತ್ತೆಂಟರಲ್ಲಿ ಜಯನಗರದ ನಮ್ಮ ಕಡೆ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹಿಂದಿನ ಬೀದಿಯ ವೆಂಕಟಾಚಲಯ್ಯನವರ ಮಗಳು ವಾರಿಜಾಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲೇ ಮದುವೆಯಾಯಿತು. ಕಡೂರಿನ ಅತ್ತೆಮನೆಯಿಂದ ಅವಳು ವಾರಕ್ಕೊಂದು ಇಂಗ್ಲಿಷ್ ಕಾಂಪೊಸಿಷನ್ ಬರೆದು ಕಳಿಸುವುದು, ನಾನು ತಿದ್ದಿ ಅಂಚೆಗೆ ಹಾಕುವುದು, ಮುಂದಿನ ವರ್ಷ ಅವಳು ಪರೀಕ್ಷೆಗೆ ಕೂರುವುದು ಎಂದು ಏರ್ಪಾಡಾಯಿತು. ತೌರಿಗೆ ಬರೆದ ಕಾಗದವನ್ನೆಲ್ಲ ಅತ್ತೆ ಓದಿಸಿ ಕೇಳಿಯೇ ಅಂಚೆಗೆ ಬಿಡುತ್ತಿದ್ದರಂತೆ. ಇಂಗ್ಲಿಷ್ ಮಾತ್ರ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ತಿದ್ದುವುದರಲ್ಲಿ ನಾನು ಯಮ. 'ಕಾಂಟ್', 'ಡೋಂಟ್' ಎಲ್ಲ ಮಾತಿಗೆ ಸರಿ. ಬರೆಯುವಾಗ 'ಕೆನಾಟ್', 'ಡು ನಾಟ್' ಎಂದು ಪೂರ್ತಿಯಾಗಿಯೇ ಬರೆಯಬೇಕು. ತಪ್ಪಿದರೆ ಆ ವಾಕ್ಯವನ್ನು ಐದು ಸಲ ಬರೆದು ಕಳಿಸಬೇಕು.

ಆಷಾಢ ಮುಗಿಸಿ ಅವಳು ವಾಪಸ್ಸು ಹೋದ ಮೇಲೆ ಬಂದ ಹಾಳೆಯಲ್ಲಿ ಎರಡೇ ವಾಕ್ಯ. 'ಐ ಕಾಂಟ್ ಲಿವ್ ಹಿಯರ್. ದೇ ಡೋಂಟ್ ಗಿವ್ ಮಿ ಫುಡ್.' ಇಲ್ಲಿ ಬದುಕಲಾರೆ, ಊಟ ಹಾಕುವುದಿಲ್ಲ. ಅರ್ಥವಾಗದ ಮಾತೇನಲ್ಲ. ಆದರೆ ನನ್ನ ಕೈಯಲ್ಲಿ ಕೆಂಪು ಶಾಯಿಯ ಪೆನ್ನಿತ್ತು, ಪಕ್ಕದಲ್ಲಿ ನಲವತ್ತು ನೋಟ್‌ಬುಕ್ಕುಗಳಿದ್ದವು. ಎರಡು ಕಡೆಯೂ ಹೊಡೆದು ಹಾಕಿ ಪೂರ್ತಿ ರೂಪ ಬರೆದೆ. ತೀರ ಚಿಕ್ಕದಾಯಿತೆಂದು ಹತ್ತಕ್ಕೆ ನಾಲ್ಕು ಕೊಟ್ಟೆ.

ಹತ್ತು ದಿನಕ್ಕೆ ಇನ್ನೊಂದು ಹಾಳೆ ಬಂತು. 'ಐ ಕೆನಾಟ್ ಲಿವ್ ಹಿಯರ್' ಎಂದು ಐದು ಸಲ. 'ದೇ ಡು ನಾಟ್ ಗಿವ್ ಮಿ ಫುಡ್' ಎಂದು ಐದು ಸಲ. ಗುಂಡಾದ ಅಕ್ಷರ, ಒಂದೂ ತಪ್ಪಿಲ್ಲ. ನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ ಈ ಮುಠ್ಠಾಳನಿಗೆ ಬುದ್ಧಿ ಬಂತು. ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಬೀದಿಗೆ ಓಡಿದೆ. ಮನೆಗೆ ಬೀಗ ಹಾಕಿತ್ತು. ಬೆಳಿಗ್ಗೆ ಟೆಲಿಗ್ರಾಂ ಬಂತು, ಹುಡುಗಿ ತೀರಿಕೊಂಡಳಂತೆ ಎಂದು ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಹೇಳಿದರು.

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಮನೆಗೆ ಬಂದು ಉಳಿದ ನೋಟ್‌ಬುಕ್ಕುಗಳನ್ನು ತಿದ್ದಿದೆ.

ಕರ್ಮಗಳೆಲ್ಲ ಮುಗಿದ ಮೇಲೆ ವೆಂಕಟಾಚಲಯ್ಯ ಬಂದು ಜಗಲಿಯ ಮೇಲೆ ಕೂತರು.

"ನಿಮಗೇನಾದ್ರೂ ಬರೆದಿದ್ಲಾ ಮೇಷ್ಟ್ರೇ? ನಮಗಂತೂ ಚೆನ್ನಾಗಿದೀನಿ ಅಂತ್ಲೇ ಬರೀತಿದ್ಲು."

"ಪಾಠ ಅಷ್ಟೇ," ಎಂದೆ.

ಹೇಗೆ ಬರೆಯುತ್ತಿದ್ದಳು ಎಂದು ಕೇಳಿದರು. ಈಚೆಗೆ ಒಂದೂ ತಪ್ಪಿರಲಿಲ್ಲ ಎಂದೆ.

"ನಿಮ್ಮಿಂದ ಅಷ್ಟಾದ್ರೂ ಕಲಿತ್ಲು," ಎಂದು ಅವರು ನನಗೆ ಕೈಮುಗಿದರು.