ಬೆಲ್ಸ್‌ಪೋರ್ಟ್ ತಂಡ ಕೋರಿಯನ್ನು ಬಿಟ್ಟುಕೊಟ್ಟ ವರ್ಷ

ಸೈರನ್ ಮೊಳಗಿದಾಗ ಚೆಂಡು ಕೋರಿ ಹ್ಯಾನ್ಲನ್‌ನ ಕೈಯಲ್ಲಿತ್ತು. ನಮ್ಮ ಬೆಲ್ಸ್‌ಪೋರ್ಟ್ ಮೂರು ಅಂಕ ಹಿಂದೆ. ಕೈಯಲ್ಲೂ ಚೆಂಡು ಹಿಡಿಯುವ ನಮ್ಮ ದೇಶದ ಫುಟ್‌ಬಾಲಿನ ನಿಯಮದಂತೆ, ಹೊತ್ತು ಮುಗಿದಿದ್ದರೂ ಚೆಂಡು ಹಿಡಿದವನಿಗೆ ಒಂದು ಒದೆತ ಬಾಕಿಯಿತ್ತು. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಆರು ಅಂಕ, ಗೆದ್ದೆವು. ಪಕ್ಕಕ್ಕೆ ಹೊರಳಿದರೆ ಒಂದೇ ಅಂಕ, ಸೋತೆವು. ದೂರ ಮೂವತ್ತು ಮೀಟರ್. ಎದುರುಗಾಳಿ ಇಲ್ಲ. ಸೊಂಟ ಸರಿಯಿದ್ದರೆ ನನ್ನಂಥ ಎಪ್ಪತ್ತರ ಮುದುಕಿಯೂ ಒಂದು ಕೈ ನೋಡಬಹುದಾಗಿದ್ದ ಒದೆತ ಅದು.

ಕೋರಿ ಪಕ್ಕಕ್ಕೆ ಒದ್ದ.

ಮೂವತ್ತು ಸಾವಿರ ಜನ ಒಮ್ಮೆಲೇ ಉಸಿರು ಬಿಟ್ಟು ಸುಮ್ಮನಾದರು. ಆ ಮೌನಕ್ಕಾಗಿಯೇ ಕಾದಿದ್ದವನ ಹಾಗೆ ನನ್ನ ಪಕ್ಕದಲ್ಲಿದ್ದ ತಮ್ಮ ಕ್ಲೈವ್ ಎದ್ದು ನಿಂತು ಎರಡೂ ಕೈ ಬಾಯಿಗಿಟ್ಟುಕೊಂಡ.

"ಮಾರಿಬಿಡ್ರೋ ಇವನನ್ನ! ಒಂದು ಮೂಟೆ ಆಲೂಗಡ್ಡೆಗೆ ಮಾರಿ! ಆಲೂಗಡ್ಡೆನಾದ್ರೂ ತಳ್ಳಿದ ಕಡೆ ಉರುಳತ್ತೆ!"

ಗೋಲಿನ ಹಿಂದಿನ ಇಡೀ ದಕ್ಷಿಣದ ಕಟ್ಟೆ ನಕ್ಕಿತು. ನಾನೂ ನಕ್ಕೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕೋರಿ ಸೊಂಟದ ಮೇಲೆ ಕೈಯಿಟ್ಟು ನಮ್ಮ ಕಡೆಗೊಮ್ಮೆ ನೋಡಿ, ತಲೆ ತಗ್ಗಿಸಿಕೊಂಡು ನಡೆದ.

ಕ್ಲೈವ್‌ನ ವಿಷಯ ಹೇಳಬೇಕು. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಗ್ಯಾಸ್ ಮೀಟರ್ ಓದಿದವನು, ಈಗ ನಿವೃತ್ತ. ಹತ್ತೊಂಬತ್ತನೇ ವಯಸ್ಸಿನಲ್ಲಿ ಊರಿನ ಎರಡನೇ ದರ್ಜೆಯ ತಂಡಕ್ಕೆ ನಾಲ್ಕು ಪಂದ್ಯ ಆಡಿದ. ನಾಲ್ಕನೆಯದರಲ್ಲಿ ಕಿರುಬೆರಳು ಮುರಿಯಿತು, ಮನೆಗೆ ಬಂದ. ಅವನ ಆಟದ ಬದುಕು ಅಷ್ಟೇ. ಆದರೆ ಅವನ ಮಾತು ಕೇಳಿದರೆ, ಆ ಕಿರುಬೆರಳೊಂದು ನೆಟ್ಟಗಿದ್ದಿದ್ದರೆ ದೇಶದ ಫುಟ್‌ಬಾಲಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಅನ್ನಿಸಬೇಕು. ಅಪ್ಪ ನಮ್ಮಿಬ್ಬರನ್ನೂ ಚಿಕ್ಕಂದಿನಲ್ಲೇ ಮೈದಾನಕ್ಕೆ ಕರೆತಂದ. ನನ್ನ ಗಂಡ ತೀರಿಕೊಂಡ ಮೇಲೆ ಹದಿನಾಲ್ಕನೇ ಸಾಲಿನಲ್ಲಿ ನಾನೂ ಕ್ಲೈವೂ ಅಕ್ಕಪಕ್ಕ ಕೂರುತ್ತಾ ಬಂದೆವು.

ಪಂದ್ಯ ಮುಗಿದ ಮೇಲೆ ಪಂಚಾಯಿತಿ ನಡೆಯುವುದು ಪಶ್ಚಿಮದ ಗೇಟಿನೆದುರು, ಥನಾಸಿಯ ಅಂಗಡಿಯಲ್ಲಿ. ಥನಾಸಿ ನಲವತ್ತು ವರ್ಷದಿಂದ ಅಲ್ಲಿ ಮೀನು, ಆಲೂಗಡ್ಡೆ ಕರಿಯುತ್ತಾನೆ. ಗ್ರೀಸಿನಿಂದ ಬಂದ ವರ್ಷವೇ ಯಾರೋ ಅವನ ಕುತ್ತಿಗೆಗೆ ನಮ್ಮ ತಂಡದ ಕಪ್ಪು-ಹಳದಿ ಮಫ್ಲರ್ ಸುತ್ತಿದರಂತೆ. ಈ ದೇಶದಲ್ಲಿ ತನಗೆ ಆದ ಮೊದಲ ಮೋಸ ಅದು ಅನ್ನುತ್ತಾನೆ.

ಅಕ್ಟೋಬರಿನಲ್ಲಿ ಆಟವಿರುವುದಿಲ್ಲ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಎರಡು ವಾರಗಳಿರುತ್ತವೆ. ನಮ್ಮವರಿಗೆ ಆಟಕ್ಕಿಂತ ಅದೇ ಹೆಚ್ಚು ರುಚಿ. ಸೋಲುವುದನ್ನು ಕಣ್ಣಾರೆ ನೋಡುವ ಕಷ್ಟವಿಲ್ಲ, ಬರೀ ಬೈದುಕೊಂಡಿರಬಹುದು. ಆ ವರ್ಷ ಎರಡನೇ ಬುಧವಾರ ಮಧ್ಯಾಹ್ನ ನಾವು ಮೂವರೂ ವಿನೆಗರ್ ಬಾಟಲಿಗಳ ಮೇಲಿನ ರೇಡಿಯೋಗೆ ಕಿವಿಗೊಟ್ಟು ಕೂತಿದ್ದೆವು. ರೇಡಿಯೋದಲ್ಲಿ ನಮ್ಮ ಕೋಚ್ ಸ್ಟಾಬ್ಸ್ ಮಾತಾಡುತ್ತಿದ್ದ.

"ಇನ್ನೂ ತಂಡ ಕಟ್ಟುವ ಹಂತದಲ್ಲಿದ್ದೀವಂತೆ," ಕ್ಲೈವ್ ಮುಖ ಸಿಂಡರಿಸಿದ. "ಬಂದು ಆರು ವರ್ಷ ಆಯ್ತು. ಏನು ಕಟ್ತಿದಾನೆ, ಇಗರ್ಜಿನಾ?"

"ಅಷ್ಟರಲ್ಲಿ ನನ್ನ ಮೈದುನ ಮೂರು ಮನೆ ಕಟ್ಟಿ ಮಾರ್ದ," ಅಂದ ಥನಾಸಿ. "ಅವನೂ ಕಳ್ಳನೇ. ಆದ್ರೆ ಮನೆಗೆ ಗೋಡೆನಾದ್ರೂ ಇದ್ವು."

"ಎಡಗಾಲಿನವನನ್ನ ತಂದು ಬಲಗಡೆ ನಿಲ್ಲಿಸ್ತಾನಲ್ಲ, ಅದಕ್ಕೇನಂತೀರಿ?" ನಾನೂ ಸೇರಿಕೊಂಡೆ. "ಎದುರಾಳಿಗೆ ಗೊಂದಲ ಆಗ್ಲಿ ಅಂತಂತೆ. ಎದುರಾಳಿಗೇನೂ ಆಗ್ಲಿಲ್ಲ, ಆ ಹುಡುಗನಿಗೇ ಮನೆ ಯಾವ ಕಡೆ ಅಂತ ಗೊತ್ತಾಗ್ದೆ ನಿಂತಿದ್ದ."

"ಆ ಪ್ರಿಡೊನ ನೋಡು!" ಕ್ಲೈವ್ ಮೇಜು ಗುದ್ದಿದ. ಪ್ರಿಡೊ ಅಂದರೆ ಚೆಂಡು ಮೇಲಕ್ಕೆಸೆದಾಗ ಹಾರಿ ಹೊಡೆಯಲೆಂದು ದುಬಾರಿ ಬೆಲೆ ಕೊಟ್ಟು ತಂದ ಎರಡು ಮೀಟರ್ ಎತ್ತರದ ಆಸಾಮಿ. ಎರಡು ವರ್ಷದಲ್ಲಿ ಐದು ಪಂದ್ಯ ಆಡಿದ್ದ. "ನಮ್ಮನೆ ಫ್ರಿಜ್ಜೂ ಅಷ್ಟೇ ಎತ್ತರ ಕಣಯ್ಯಾ. ಅದಾದ್ರೂ ಹಗಲೂ ರಾತ್ರಿ ಓಡತ್ತೆ!"

ಥನಾಸಿ ನಕ್ಕ ರಭಸಕ್ಕೆ ಮೀನಿನ ತುಂಡೊಂದು ಎಣ್ಣೆಗೆ ಬದಲು ನೆಲಕ್ಕೆ ಬಿತ್ತು. ಅಷ್ಟರಲ್ಲಿ ರೇಡಿಯೋದವನು ದನಿ ಏರಿಸಿದ. ಬೆಲ್ಸ್‌ಪೋರ್ಟ್ ತಂಡ ಕೋರಿ ಹ್ಯಾನ್ಲನ್‌ನನ್ನು ಪರ್ತ್‌ನ ಒಂದು ತಂಡಕ್ಕೆ ಬಿಟ್ಟುಕೊಟ್ಟಿದೆ. ಬದಲಿಗೆ, ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಮೂವತ್ತೆಂಟನೇ ಸರದಿ ನಮಗೆ ಸಿಗುತ್ತದೆ, ಅಂದರೆ ಒಳ್ಳೆಯ ಮೂವತ್ತೇಳು ಮಂದಿ ಹೋದ ಮೇಲೆ ಉಳಿದವರಲ್ಲೊಬ್ಬ.

ಕ್ಲೈವ್ ಕುರ್ಚಿಯಿಂದ ಹಾರಿದ. "ಹೋಯ್ತು ಪೀಡೆ! ನಾಲ್ಕು ವರ್ಷದಿಂದ ಬಡ್ಕೊಂಡೆ, ಈಗ ಕೇಳಿಸ್ತು ನೋಡು!" ಅಂದವನು ಅರ್ಧಕ್ಕೇ ನಿಂತ. "ಎಷ್ಟನೇದು ಅಂದ? ಮೂವತ್ತೆಂಟಾ?"

"ಮೂವತ್ತೆಂಟು," ಅಂದೆ.

"ಬರೀ ಮೂವತ್ತೆಂಟಕ್ಕೆ ಕೋರಿ ಹ್ಯಾನ್ಲನ್‌ನ ಕೊಟ್ಬಿಟ್ರಾ? ತಲೆ ಕೆಟ್ಟಿದ್ಯಾ ಇವ್ರಿಗೆ? ಇಪ್ಪತ್ತಾರು ವರ್ಷದ ಹುಡುಗ! ಚೆಂಡು ಹಿಡಿಯೋದ್ರಲ್ಲಿ ಅವನಂಥವರು ಎಷ್ಟು ಜನ ಇದಾರೆ?"

"ನೀನು ಆಲೂಗಡ್ಡೆಗೆ ಕೊಡೋಕೆ ರೆಡಿ ಇದ್ದೆ."

"ಒಂದು ಮೂಟೆ ಅಂದಿದ್ದೆ ಕಣೇ ನೋಲಾ. ಇವ್ರು ಸಿಪ್ಪೆಗೆ ಕೊಟ್ಟಿದಾರೆ."

ಬಾಗಿಲ ಗಂಟೆ ಸದ್ದಾಯಿತು. ನೋಡಿದರೆ ಕೋರಿ ಹ್ಯಾನ್ಲನ್. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಎರಡು ಜೊತೆ ಬೂಟು, ಒಂದು ಟವೆಲ್. ಎದುರುಗಡೆ ಕ್ಲಬ್ಬಿನಲ್ಲಿ ತನ್ನ ಕಪಾಟು ಖಾಲಿ ಮಾಡಿ ನೇರ ಇಲ್ಲಿಗೆ ಬಂದಿದ್ದ. ಹತ್ತಿರದಿಂದ ನೋಡಿದರೆ ಮೈದಾನದಲ್ಲಿ ಕಂಡದ್ದಕ್ಕಿಂತ ಸಣ್ಣವನು. ಬೆಳಗ್ಗೆ ಕ್ಷೌರ ಮಾಡಿಕೊಂಡಿರಲಿಲ್ಲ.

"ಮೂರು ತುಂಡು ಮೀನು, ಆಲೂಗಡ್ಡೆ ಜಾಸ್ತಿ," ಅಂದ.

ಆಲೂಗಡ್ಡೆ ಅನ್ನುವ ಮಾತಿಗೆ ಥನಾಸಿ ಬೆನ್ನು ತಿರುಗಿಸಿ ಎಣ್ಣೆಯ ಕಡೆಗೆ ನೋಡುತ್ತಾ ನಿಂತುಬಿಟ್ಟ. ಅವನ ಭುಜ ಅಲುಗುತ್ತಿತ್ತು.

ಆಮೇಲೆ ನನ್ನ ತಮ್ಮ ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎದ್ದು ಹೋಗಿ ಆ ಹುಡುಗನ ಕೈ ಹಿಡಿದುಕೊಂಡ. "ಅನ್ಯಾಯ ಆಯ್ತಪ್ಪ ಕೋರಿ. ನಮ್ಗೆಲ್ಲ ತುಂಬಾ ಬೇಜಾರು. ನಾವು ಯಾವತ್ತೂ ನಿನ್ನ ಬೆನ್ನಿಗೆ ನಿಂತವರು." ದನಿಯಲ್ಲಿ ಜೇನು ಸುರಿಯುತ್ತಿತ್ತು. ಸತ್ತವರ ಮನೆಗೆ ಹೂ ತಂದವನ ಮುಖ.

ನನಗೆ ತಡೆಯಲಾಗಲಿಲ್ಲ. "ಆಗಸ್ಟಿನಲ್ಲಿ ಆಲೂಗಡ್ಡೆ ಅಂತ ಕೂಗಿದ್ದು ಇವನೇ ಕಣಪ್ಪ," ಅಂದೆ. "ನನ್ನ ತಮ್ಮ. ನಾನೂ ಪಕ್ಕದಲ್ಲೇ ಕೂತು ನಕ್ಕೆ."

ಕ್ಲೈವ್ ಕೆಂಪಾದ. "ಏನೇ ನೋಲಾ ನೀನು..."

"ಗೊತ್ತು," ಅಂದ ಕೋರಿ. ಕೋಪವಿರಲಿಲ್ಲ. "ಬಾಯಿ ತೆಗೆದ ತಕ್ಷಣ ಗೊತ್ತಾಯ್ತು. ಮೂವತ್ತು ಸಾವಿರ ಜನ ಕೂಗಿದ್ರೂ ಎಲ್ಲ ಸೇರಿ ಒಂದೇ ಸದ್ದು, ಸಮುದ್ರದ ಥರ. ಏನೂ ಅನ್ಸಲ್ಲ. ನಿಮ್ಮ ದನಿ ಮಾತ್ರ ಬೇರೆ ಕೇಳ್ಸತ್ತೆ. ಎರಡು ವರ್ಷದಿಂದ ಒದೆಯೋಕೆ ಹಿಂದೆ ಹಿಂದೆ ಹೆಜ್ಜೆ ಇಡ್ತಾ ಅದಕ್ಕೇ ಕಾಯ್ತಿದ್ದೆ. ಈಗ ಕೂಗ್ತಾರಾ, ಒದ್ದ ಮೇಲೆ ಕೂಗ್ತಾರಾ ಅಂತ."

ನಾನು ಕ್ಲೈವ್‌ನ ಮುಖ ನೋಡಿದೆ. ನಾಚಿಕೆ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ಮೊದಲು, ಒಂದೇ ಒಂದು ಕ್ಷಣ, ಅವನ ಮುಖ ಅರಳಿತು. ಮೂವತ್ತು ಸಾವಿರ ಜನರಲ್ಲಿ ತನ್ನ ದನಿಯೊಂದೇ ಬೇರೆಯಾಗಿ ಕೇಳಿಸುತ್ತಿತ್ತು! ಅರವತ್ತೇಳು ವರ್ಷದಲ್ಲಿ ಅವನಿಗೆ ಯಾರೂ ಇಷ್ಟು ದೊಡ್ಡ ಬಿರುದು ಕೊಟ್ಟಿರಲಿಲ್ಲ.

"ತಪ್ಪೇನು ಅಂತ ನೀವೇ ಹೇಳಿ," ಅಂದ ಕೋರಿ, ಕುರ್ಚಿ ಎಳೆದು ಕೂತು. ಅಣಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. "ಕೋಚ್ ಒಂದು ಹೇಳ್ತಾರೆ, ಒದೆಯೋದು ಕಲಿಸೋನು ಇನ್ನೊಂದು ಹೇಳ್ತಾನೆ. ನೀವು ನಾಲ್ಕು ವರ್ಷ ಗೋಲಿನ ನೇರ ಹಿಂದಿನಿಂದ ನೋಡಿದೀರಿ. ಏನು ತಪ್ಪು ಮಾಡ್ತೀನಿ?"

ನಾಲ್ಕು ವರ್ಷ ಪ್ರತಿ ಶನಿವಾರ ಇದೇ ವಿಷಯ ಮಾತಾಡಿದ ಮನುಷ್ಯ. ಟ್ರಾಮಿನಲ್ಲಿ ಪಕ್ಕದವರು ಸೀಟು ಬದಲಾಯಿಸುವಷ್ಟು ಮಾತಾಡಿದವನು. ಮಫ್ಲರ್ ಸರಿಮಾಡಿಕೊಂಡ. ಕೊನೆಗೆ ಅಂದ:

"ಸ್ವಲ್ಪ... ನೇರವಾಗಿ ಒದೆಯಪ್ಪ."

ಥನಾಸಿ ಜಾಲರಿ ಸೌಟು ಕೆಳಗಿಟ್ಟು ಹಿಂದಿನ ಕೋಣೆಗೆ ಓಡಿದ. ಕೋರಿ ನಗತೊಡಗಿದ. ಕಣ್ಣೀರು ಬರುವಷ್ಟು ನಕ್ಕ. "ಸರಿ," ಅಂದ, "ಹಾಗೇ ಮಾಡ್ತೀನಿ."

ಹೋಗುವ ಮುಂಚೆ ಥನಾಸಿ ಕೇಳಿದ, "ಆ ಸ್ಟಾಬ್ಸ್ ನಿಂಗೆ ದ್ರೋಹ ಮಾಡ್ದ, ಅಲ್ವಾ? ನಮ್ಗೆ ಹೇಳು, ಯಾರಿಗೂ ಹೇಳಲ್ಲ." ಯಾರಿಗೂ ಹೇಳದೆ ಇರುವಷ್ಟು ಶಕ್ತಿ ಥನಾಸಿಗೆ ಯಾವತ್ತೂ ಇರಲಿಲ್ಲ.

"ಇಲ್ಲ," ಅಂದ ಕೋರಿ. "ನಾನೇ ಬಿಡಿ ಅಂತ ಕೇಳ್ದೆ. ಬೇಡ ಅಂತ ಕೋಚೇ ಮೂರು ಸಲ ಮನೆಗೆ ಬಂದ್ರು. ಇಲ್ಲಿ ಇನ್ನು ಒದೆಯೋಕಾಗಲ್ಲ ಅಂದೆ. ಕೊನೆಗೆ ಒಪ್ಕೊಂಡ್ರು. ಅವಸರದಲ್ಲಿ ಒಳ್ಳೆ ಬೆಲೆ ಸಿಗ್ಲಿಲ್ಲ, ಅಷ್ಟೇ." ಪೊಟ್ಟಣವನ್ನು ಬೂಟುಗಳ ಮೇಲಿಟ್ಟುಕೊಂಡು ಹೊರಟುಹೋದ.

ಅಂದರೆ, ಅವನನ್ನು ಓಡಿಸಿದ್ದು ಕೋಚ್ ಅಲ್ಲ, ನಾವು. ನಾನು ಹಾಗೆಂದೇ ಹೇಳಿದೆ. ಕ್ಲೈವ್ ತಣ್ಣಗಾದ ಆಲೂಗಡ್ಡೆ ತಿನ್ನುತ್ತಾ, "ಕೋಚ್ ಸರಿಯಾಗಿದ್ರೆ ಹುಡುಗ ಇಷ್ಟು ಮೆತ್ತಗಾಗ್ತಿರ್ಲಿಲ್ಲ," ಅಂದ. ಮನುಷ್ಯ ಎಲ್ಲಿಂದ ಬಿದ್ದರೂ ಕೋಚ್‌ನ ತಲೆ ಮೇಲೇ ಬೀಳುತ್ತಾನೆ.

ಮುಂದಿನ ಜೂನಿನಲ್ಲಿ ಪರ್ತ್‌ನವರು ನಮ್ಮ ಮೈದಾನಕ್ಕೆ ಬಂದರು. ಕೋರಿ ಐದು ಗೋಲು ಹೊಡೆದ. ಐದನೆಯದು ನಮ್ಮ ಕಡೆಯ ಕಂಬಗಳಿಗೇ, ಐವತ್ತು ಮೀಟರ್ ದೂರದಿಂದ, ಇಡೀ ಕಟ್ಟೆ ಛೀ ಥೂ ಅನ್ನುತ್ತಿರುವಾಗ. ಚೆಂಡು ಮಧ್ಯಕ್ಕೇ ಬಂದು ನಮ್ಮ ತಲೆಗಳ ಮೇಲೆ ಹಾದುಹೋಯಿತು. ಅವನು ನಮ್ಮ ಕಡೆ ನೋಡಲೂ ಇಲ್ಲ. ಯಾಕೆ ನೋಡಬೇಕು?

ಈ ಸಲವಾದರೂ ತಮ್ಮ ಬಾಯಿ ಮುಚ್ಚಿಕೊಂಡಿರುತ್ತಾನೆ ಅಂದುಕೊಂಡಿದ್ದೆ. ಕೂಗಲಿಲ್ಲ, ನಿಜ. ಆದರೆ ಹಿಂದಿನ ಸಾಲಿನವರ ಕಡೆ ತಿರುಗಿ, ಗುಟ್ಟು ಹೇಳುವವನ ಹಾಗೆ ಬಾಗಿ ಅಂದ: "ಇಲ್ಲಿಂದ ಹೋಗೋಕೆ ಮುಂಚೆ ನನ್ನ ಹತ್ರ ಬಂದಿದ್ದ, ಗೊತ್ತಾ? ಸಲಹೆ ಕೇಳೋಕೆ. ಒಂದೇ ಮಾತು ಹೇಳ್ದೆ ನಾನು. ನೋಡಿ ಈಗ."

"ಏನು ಹೇಳಿದ್ರಿ?" ಹಿಂದಿನವನೊಬ್ಬ ಕಣ್ಣರಳಿಸಿ ಕೇಳಿದ.

"ಅದೆಲ್ಲ ತಾಂತ್ರಿಕ ವಿಷಯ," ಅಂದ ಕ್ಲೈವ್. "ನಿಮ್ಗೆ ಅರ್ಥ ಆಗಲ್ಲ."

ಮರುದಿನ ಬೆಳಗ್ಗೆ ಕ್ಲಬ್ಬಿನ ಕಚೇರಿಗೆ ಹೋಗಿ ನನ್ನ ಸೀಟನ್ನು ಪೂರ್ವದ ಕಟ್ಟೆಗೆ ಬದಲಾಯಿಸಿಕೊಂಡೆ. ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಹೆಚ್ಚು ಜನ ಕೂರುವುದಿಲ್ಲ. ಪಕ್ಕದಲ್ಲಿ ಇರ್ಮಾ ಅನ್ನುವ ಹೆಂಗಸು. ಆಟದುದ್ದಕ್ಕೂ ಸ್ವೆಟರ್ ಹೆಣೆಯುತ್ತಾಳೆ, ಯಾರನ್ನೂ ಬೈಯುವುದಿಲ್ಲ. ಮೊದಲ ವಾರ ನನಗೆ ಕಿವಿಯೇ ಹೋಯಿತೇನೋ ಅನ್ನಿಸಿತು.

ಜುಲೈಯಲ್ಲಿ ಸ್ಟಾಬ್ಸ್‌ನನ್ನು ತೆಗೆದರು. ಕ್ಲೈವ್ ಥನಾಸಿಯ ಅಂಗಡಿಯಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದನಂತೆ. ಅದರ ಮುಂದಿನ ಶನಿವಾರ ತಾತ್ಕಾಲಿಕ ಕೋಚ್‌ನ ಕೈಕೆಳಗೆ ಆಡಿ ತೊಂಬತ್ತೊಂದು ಅಂಕಗಳಿಂದ ಸೋತೆವು. ಸಂಜೆ ಫೋನ್ ಬಂತು.

"ನೋಡಿದ್ಯಾ ನೋಲಾ? ಸ್ಟಾಬ್ಸ್ ಇದ್ದಿದ್ರೆ ಹೀಗಾಗ್ತಿತ್ತಾ? ಪಾಪ, ಒಳ್ಳೆ ಮನುಷ್ಯ. ಓಡ್ಸಿಬಿಟ್ರು."

"ಯಾರು ಓಡಿಸಿದ್ದು?"

"ಈ ಜನ," ಅಂದ ನನ್ನ ತಮ್ಮ. "ಈ ಜನಕ್ಕೆ ತಾಳ್ಮೆನೇ ಇಲ್ಲ ಕಣೇ."

ಫೋನ್ ಇಟ್ಟುಬಿಟ್ಟೆ. ತುಂಬ ದೊಡ್ಡವಳಾದೆ ಅನ್ನಿಸಿತು. ಬದಲಾದವಳು, ಮನುಷ್ಯತ್ವವುಳ್ಳವಳು.

ಅದಾದ ಎರಡನೇ ಶನಿವಾರ ಹತ್ತೊಂಬತ್ತರ ಹುಡುಗನೊಬ್ಬ ನಮ್ಮ ತಂಡಕ್ಕೆ ಮೊದಲ ಪಂದ್ಯ ಆಡಿದ. ಅವನ ಅಪ್ಪ ಅಮ್ಮ ಯಾವುದೋ ಗೋಧಿ ಬೆಳೆಯುವ ಊರಿನಿಂದ ಆರು ತಾಸು ಕಾರು ಓಡಿಸಿಕೊಂಡು ಬಂದಿದ್ದರಂತೆ. ದೊಡ್ಡ ಪರದೆಯ ಮೇಲೆ ಅವರನ್ನು ತೋರಿಸಿದರು. ಎರಡನೇ ಕ್ವಾರ್ಟರಿನಲ್ಲಿ ಹುಡುಗನಿಗೆ ಚೆಂಡು ಸಿಕ್ಕಿತು. ಎದುರಿಗೆ ಯಾರೂ ಇಲ್ಲ. ಓಡಬೇಕು, ಒದೆಯಬೇಕು, ಅಷ್ಟೇ. ಓಡುವಾಗ ನಿಯಮದಂತೆ ನೆಲಕ್ಕೆ ಪುಟಿಸಿದ ಚೆಂಡು ಮೊಣಕಾಲಿಗೆ ಬಡಿದು ಗಡಿಯ ಗೆರೆ ದಾಟಿ ಹೋಯಿತು.

"ಲೇ, ಅದು ಚೆಂಡು ಕಣೋ, ಕೋಳಿಮರಿ ಅಲ್ಲ! ಅದಕ್ಕೇನು ಹೆದರ್ತೀಯ?"

ಅರ್ಧ ಖಾಲಿಯಿದ್ದ ಕಟ್ಟೆಯಲ್ಲಿ ಆ ದನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಕೆಳಗಿನ ಮೂರು ಸಾಲುಗಳು ಒಟ್ಟಿಗೆ ಹಿಂತಿರುಗಿ ನೋಡಿದವು. ನಾನು ನಿಂತಿದ್ದೆ. ಎರಡೂ ಕೈ ಬಾಯಿಯ ಬಳಿಯಲ್ಲೇ ಇದ್ದವು.

ಇರ್ಮಾ ಹೆಣಿಗೆ ನಿಲ್ಲಿಸಿದಳು. ನೂಲಿನುಂಡೆಯನ್ನು ಎತ್ತಿಕೊಂಡು ಎರಡು ಸೀಟು ಆಚೆ ಸರಿದು ಕೂತಳು.