ಹನ್ನೊಂದನೆಯ ಬಾಟಲಿ

ಬಡಾವಣೆಯವರೆಲ್ಲ ಅವಳನ್ನು ಬಾಟಲಿ ಟೀಚರ್ ಎಂದೇ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ನಿಂತು, ಮನೆಯೊಳಗಿನ ವಿಷದ ಕಸವನ್ನು ಬೇರೆಯಾಗಿ ಕೊಡುವುದು ಹೇಗೆಂದು ಜನಕ್ಕೆ ಹೇಳುವುದು, ಆಮೇಲೆ ಅವರು ತಂದದ್ದನ್ನು ಇಸಿದುಕೊಳ್ಳುವುದು ಅವಳ ಕೆಲಸ. ಗಂಡ ಸತ್ತ ಮೂರು ತಿಂಗಳಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಅಳುವೂ ಬಂದಿರಲಿಲ್ಲ. ಬಾಯಿ ತನ್ನ ಪಾಡಿಗೆ ಮಾತಾಡುತ್ತಿತ್ತು. ಅವಳು ಪಕ್ಕದಲ್ಲೆಲ್ಲೋ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಬ್ಲೀಚಿಗೆ ಆಸಿಡ್ ಬೆರೆಸಬೇಡಿ, ಉಸಿರು ಕಟ್ಟಿಸೋ ಗಾಳಿ ಏಳುತ್ತೆ. ವಿನೆಗರೂ ಬೇಡ. ಸಿಂಕ್ ತೊಳೆಯೋಕೆ ಅಡಿಗೆ ಸೋಡಾ ಉದುರಿಸಿ ಉಜ್ಜಿದ್ರೆ ಸಾಕು."

"ಉಜ್ಜೋ ಕೈ ಯಾರದು ಟೀಚರ್?" ಎಂದಳು ಮುಂದೆ ಕೂತಿದ್ದ ದರ್ಜಿ.

"ನಿಮ್ಮ ಯಜಮಾನ್ರದು. ಬ್ರಷ್ ಅವರಿಗೇ ಕೊಡಿ."

ಜನ ನಕ್ಕರು. ಈ ತಮಾಷೆಗೂ ಈ ನಗುವಿಗೂ ಅವಳ ಕೆಲಸದಷ್ಟೇ, ನಾಲ್ಕು ವರ್ಷ ವಯಸ್ಸಾಗಿತ್ತು. ಹಿಂದಿನ ಗೋಡೆಯ ಮೇಲೆ ಅವಳೇ ಬರೆದ ಹಲಗೆ: ಕುಡಿಯುವ ಬಾಟಲಿಗೆ ತುಂಬಬೇಡಿ. ಚೀಟಿ ಕೀಳಬೇಡಿ. ಗೊತ್ತಿಲ್ಲದ್ದನ್ನು ಮೂಸಬೇಡಿ.

ಮರದ ಸಾಮಾನಿಗೆ ಪಾಲಿಶ್ ಹಾಕುತ್ತಿದ್ದ ಗಂಡ ಥಿನ್ನರು, ಟರ್ಪೆಂಟೈನು, ಎಣ್ಣೆ ಎಲ್ಲವನ್ನೂ ಖಾಲಿ ಜ್ಯೂಸ್ ಬಾಟಲಿಗಳಲ್ಲೇ ಇಡುತ್ತಿದ್ದ. ಮೊದಲ ದಿನದ ತರಬೇತಿ ಮುಗಿಸಿ ಬಂದವಳು ಅವನ ಮೇಲೆ ಹರಿಹಾಯ್ದಿದ್ದಳು. ಅವನು ನೆಲಕ್ಕೆ ಕೂತು, ಹತ್ತು ಬಾಟಲಿಗೂ ಬಿಳಿ ಪಟ್ಟಿ ಅಂಟಿಸಿ, ಒಳಗಿದ್ದುದರ ಹೆಸರು ಬರೆದಿದ್ದ. ಹನ್ನೊಂದನೆಯದಕ್ಕೆ ಬರೆದದ್ದು ಇಷ್ಟೇ: ಇದು ಶರಬತ್ತಲ್ಲ ಕಣೇ.

ಅವನು ಹೋದ ಮೇಲೆ ಹತ್ತು ಬಾಟಲಿಗಳನ್ನು ಅವಳು ಇಲ್ಲಿಗೆ ತಂದು ಕೊಟ್ಟಿದ್ದಳು. ಹನ್ನೊಂದನೆಯದು ಅಡಿಗೆಮನೆಯ ಕಪಾಟಿನಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ ಉಳಿಯಿತು. ದಿನವೂ ಡಬ್ಬಿ ಸರಿಸಿ ಒಮ್ಮೆ ಓದುತ್ತಿದ್ದಳು. ಆ ಪಟ್ಟಿಯಷ್ಟಗಲದ ಜಾಗದಲ್ಲಿ ಮಾತ್ರ ಅವನು ಇನ್ನೂ ತಮಾಷೆ ಮಾಡುತ್ತಿದ್ದ.

ಮಾತು ಮುಗಿದು ಜನ ಸಾಲು ನಿಂತರು. ಹಳೆ ಬ್ಯಾಟರಿ, ಒಣಗಿದ ಬಣ್ಣದ ಡಬ್ಬ, ಜಿರಳೆ ಔಷಧಿ. ಆರನೆಯವರು ಅವಳ ಅತ್ತೆ. ಕೈಯಲ್ಲಿ ಬಟ್ಟೆ ಚೀಲ.

"ನೀವ್ಯಾಕೆ ಬಂದ್ರಿ ಅತ್ತೆ?"

"ಎಲ್ಲರ ಹಾಗೆ ಸಾಲಲ್ಲಿ ಬಂದಿದೀನಿ. ಇಸ್ಕೊ." ಅತ್ತೆ ಆ ಹನ್ನೊಂದನೆಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ನಿನ್ನೆ ರಾತ್ರಿ ಬಾಯಾರಿತ್ತು, ಕರೆಂಟಿಲ್ಲ, ಕನ್ನಡಕ ಇಲ್ಲ, ಕೈಗೆ ಸಿಕ್ಕಿದ್ದು ಇದು. ಮುಚ್ಚಳ ತಿರುಗಿಸಿ ಬಾಯಿಗೆ ಇಡೋದೊಂದು ಬಾಕಿ. ಊರಿಗೆಲ್ಲ ಬುದ್ಧಿ ಹೇಳ್ತೀಯ, ದೀಪದ ಬುಡದಲ್ಲೇ ಕತ್ತಲು."

ಅವಳ ಬಾಯಿ ಮೊದಲ ಸಲ ತನ್ನ ಪಾಡಿಗೆ ಮಾತಾಡಲಿಲ್ಲ; ಅವಳೇ ಮಾತು ಹುಡುಕಿದಳು.

"ಮನೇಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಕೊಡ್ತಿದ್ದೆಯಾ?" ಅತ್ತೆ ದನಿ ತಗ್ಗಿಸಿದರು. "ನಾನೂ ದಿನಾ ಓದ್ತಿದ್ದೆ ಕಣಮ್ಮ. ಅವನ ಅಕ್ಷರ ನಿನಗೊಬ್ಬಳಿಗೇನಾ?"

ಜನ ತಂದದ್ದನ್ನು ಪಕ್ಕದಲ್ಲಿ ಡ್ರಮ್ಮಿಗೆ ತುಂಬಿಸುತ್ತಿದ್ದ ಕೆಲಸದವನು ಬಾಟಲಿಯನ್ನು ತಿರುಗಿಸಿ ನೋಡಿದ. ಅತ್ತೆ ಸೊಸೆಯ ಮಾತು ಅವನಿಗೂ ಕೇಳಿಸಿತ್ತು.

"ಮೇಡಂ, ಬೇಕಾದ್ರೆ ಚೀಟಿ ಕಿತ್ಕೊಳ್ಳಿ. ಹೇಗೂ ಒಳಗೇನಿದೆ ಅಂತ ಇದ್ರಲ್ಲಿ ಬರೆದಿಲ್ಲ."

ಪಟ್ಟಿಯ ಒಂದು ಮೂಲೆ ಆಗಲೇ ಎದ್ದಿತ್ತು. ಉಗುರಿಟ್ಟರೆ ಸಾಕು, ಪೂರ್ತಿ ಬರುತ್ತಿತ್ತು. ಅವಳು ಉಗುರಿಟ್ಟಳು. ಅತ್ತೆ ಬೇರೆ ಕಡೆ ನೋಡಿದರು.

"ಏನಲ್ಲ ಅನ್ನೋದು ಬರೆದಿದೆಯಲ್ಲಪ್ಪ," ಎಂದಳು ಅವಳು. "ಇದನ್ನ ಇನ್ನೊಬ್ಬರು ಎತ್ತಿಕೊಳ್ಳೋವಾಗ ಅಷ್ಟಾದರೂ ಗೊತ್ತಿರಲಿ."

ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು. ಪೆನ್ನು ತೆಗೆದು ಗಂಡನ ಸಾಲಿನ ಕೆಳಗೆ, ನಿಯಮದಂತೆ, ಬರೆದಳು: ಒಳಗಿರುವುದು ಏನೆಂದು ತಿಳಿದಿಲ್ಲ. ಎರಡು ಸಾಲೂ ಒಂದರ ಕೆಳಗೊಂದು ಕೂತವು, ಯಾರೋ ಏನೋ ಹೇಳಿದ್ದಕ್ಕೆ ಇನ್ಯಾರೋ ಉತ್ತರ ಕೊಟ್ಟ ಹಾಗೆ. ಡ್ರಮ್ಮಿನವನು ಬಾಟಲಿಯನ್ನು, ಗುರುತು ಗೊತ್ತಿಲ್ಲದ್ದಕ್ಕೆಂದು ಬೇರೆಯಾಗಿಟ್ಟಿದ್ದ ಡಬ್ಬಕ್ಕೆ ಇಳಿಸಿ ಮುಚ್ಚಿದ.

ಅತ್ತೆ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಡಿಸಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತರು. ಅವಳ ಕೆಲಸ ಮುಗಿಯಲು ಇನ್ನೂ ಎರಡು ಗಂಟೆ ಇತ್ತು.

"ಮುಂದಿನವರು ಬನ್ನಿ," ಎಂದಳು.

ಒಬ್ಬ ಮುದುಕ ಉದ್ದನೆಯ ಟ್ಯೂಬ್‌ಲೈಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಬಂದ. "ಒಡೀಲಿಲ್ಲ ನೋಡಮ್ಮ," ಎಂದ.

"ಒಳ್ಳೇದಾಯ್ತು," ಎಂದಳು ಅವಳು. "ಮೆಲ್ಲಗೆ ಇಡಿ."